ಅಬು ಜಾಸಿಮರ ಒಂಟಿ ಈಡಿನ ಕೋವಿ

ದೋಹಾದಲ್ಲಿ ಎಂತ ಕೆಲಸ ಮಾಡಿದ್ದು ಅಂತ ಯಾರಾದರೂ ಕೇಳಿದರೆ ನನಗೆ ಈಗಲೂ ಒಳಗೊಳಗೇ ನಗು ಬರುತ್ತದೆ. ಶುಕ್ರವಾರ ಇಗರ್ಜಿ ಬಿಟ್ಟ ಮೇಲೆ ಹೊರಗೆ ನಿಂತವರಲ್ಲಿ ಒಬ್ಬರು ಅಕೌಂಟ್ಸ್, ಒಬ್ಬರು ಹಮದ್ ಬಂದರಿನಲ್ಲಿ ಶಿಪ್ಪಿಂಗ್, ಇನ್ನೊಬ್ಬರು ಆಸ್ಪತ್ರೆಯ ಲ್ಯಾಬು. ನನ್ನ ಸರದಿ ಬಂದಾಗ "ಕೋವಿ ರಿಪೇರಿ" ಅನ್ನುತ್ತೇನೆ. ಮೊದಲು ಸ್ವಲ್ಪ ಹಿಂದೆ ಸರಿಯುತ್ತಾರೆ. ಆಮೇಲೆ ಹತ್ತಿರ ಬಂದು, ಹೆಂಡತಿಗೆ ಕೇಳದ ಹಾಗೆ, "ಹೌದಾ ವಲೇರಿಯನ್ ಬಾಯ್, ಒಮ್ಮೆ ನೋಡಲಿಕ್ಕೆ ಬರಬಹುದಾ?" ಅಂತ ಕೇಳುತ್ತಾರೆ.

ಈಗ ರಿಟೈರ್ ಆಗಿ ದೋಹಾದ ಅಬು ಹಮೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಗರ್ಜಿ ಹತ್ತಿರ, ಅದು ಹೆಂಡತಿ ಸಿಂತಿಯಾಳಿಗೆ ಖುಷಿ. ನಾನು ಇಡೀ ದಿನ ಮನೆಯಲ್ಲೇ, ಅದು ಅವಳಿಗೆ ಬೇಜಾರು. "ಇಷ್ಟೆಲ್ಲ ಮಾತಾಡುವ ಬದಲು ಬರೆದಿಡಿ, ಮನೆಯಾದರೂ ತಣ್ಣಗಿರ್ತದೆ" ಅಂತ ಅವಳೇ ಪೆನ್ನು ಕೊಟ್ಟದ್ದು. ಊರಿನಲ್ಲಿ ಐಟಿಐ ಮುಗಿಸಿ ಈ ಕೆಲಸಕ್ಕೆ ಸೇರಿದ ಒಬ್ಬಿಬ್ಬರು ಆಗಾಗ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: ದುಬಾರಿ ಕೋವಿ ಹೇಗೂ ಗುರಿಗೆ ಹೊಡೆಯುತ್ತದೆ, ಈ ಅಗ್ಗದ ಒಂಟಿ ಈಡಿನ ಕೋವಿಯನ್ನು ದಾರಿಗೆ ತರುವುದು ಹೇಗೆ? ಅವರಿಗಾಗಿ ಇದನ್ನು ಬರೆದದ್ದು. ನಾನು ಯಾವಾಗ ಟೆಕ್ನಿಷಿಯನ್ ಆದೆ, ಯಾವಾಗ ಸೀನಿಯರ್ ಆದೆ ಎಂಬುದೆಲ್ಲ ಬೇಡ. ಅದರಿಂದ ಯಾರ ಕೋವಿಯೂ ಸರಿಯಾಗುವುದಿಲ್ಲ.

ನಮ್ಮದು ಊರ ಹೊರಗೆ, ಮರಳಿನ ದಿಬ್ಬದ ಮಗ್ಗುಲಲ್ಲಿ ಇದ್ದ ಒಂದು ಖಾಸಗಿ ಶೂಟಿಂಗ್ ರೇಂಜು. ಅದಕ್ಕೆ ತಾಗಿ ವರ್ಕ್‌ಶಾಪ್. ಪರವಾನಗಿ ನೋಡದೆ ಒಂದು ಸ್ಕ್ರೂ ಕೂಡ ಮುಟ್ಟುವ ಹಾಗಿಲ್ಲ. ನನ್ನ ಮೇಲಿನವರು ಹಮೀದಾಕ, ಉಪ್ಪಿನಂಗಡಿ ಕಡೆಯ ಬ್ಯಾರಿ, ನನಗಿಂತ ಎಷ್ಟೋ ಮೊದಲು ಬಂದು ಇಲ್ಲೇ ಗಡ್ಡ ಬಿಳಿ ಮಾಡಿಕೊಂಡವರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೇ ಕಡಿಮೆ. ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ "ಪೊರ್ಬುಗಳೇ" ಅಂತಲೇ ಕರೆಯುತ್ತಿದ್ದರು. ಪ್ರೀತಿ ಬಂದರೂ ಪೊರ್ಬುಗಳೇ, ಸಿಟ್ಟು ಬಂದರೂ ಪೊರ್ಬುಗಳೇ. ಯಾವುದು ಬಂದಿದೆ ಅಂತ ಅವರ ಮೂಗು ನೋಡಿ ತಿಳಿದುಕೊಳ್ಳಬೇಕಿತ್ತು.

ಒಂಟಿ ಈಡಿನ ಕೋವಿ ಅಂದರೆ ಒಮ್ಮೆಗೆ ಒಂದೇ ತೋಟೆ. ನಮ್ಮ ಕಡೆ ಗದ್ದೆಗೆ ಹಂದಿ ಬಂದಾಗ ಹೊರಗೆ ತೆಗೆಯುತ್ತಿದ್ದ ಕೋವಿಯ ಹಾಗೆಯೇ ಇದೂ ನಡುವಿನಲ್ಲಿ ಮಡಚುತ್ತದೆ. ಮಡಚಿ, ತೋಟೆ ಹಾಕಿ, ಮತ್ತೆ ನೆಟ್ಟಗೆ ಮಾಡಿದರೆ ಒಳಗೊಂದು ಕೊಕ್ಕೆ ನಳಿಗೆಯನ್ನು ಕಚ್ಚಿ ಹಿಡಿಯುತ್ತದೆ. ಕುದುರೆ, ಅಂದರೆ ಟ್ರಿಗರ್, ಎಳೆದರೆ ಆಯಿತು. ಇಷ್ಟು ಸರಳ ಇರುವುದಕ್ಕೇ ಅಗ್ಗ. ಅಗ್ಗ ಅಂತಲೇ ಜನ ಅದನ್ನು ಬಯ್ಯುತ್ತಾರೆ, ಎರಡು ಗುಂಡು ಒಂದೇ ಕಡೆ ಬೀಳುವುದಿಲ್ಲ ಅನ್ನುತ್ತಾರೆ.

ಹಮೀದಾಕ ಕಲಿಸಿದ ಮೊದಲ ಪಾಠ ಸಣ್ಣದು. "ಪೊರ್ಬುಗಳೇ, ಕೋವಿಯನ್ನು ಬಯ್ಯುವ ಮೊದಲು ಸ್ಕ್ರೂ ನೋಡಿ. ಮತ್ತೆ ಬೇಕಾದರೆ ಕೋವಿಯನ್ನು ಬಯ್ಯಿ. ಮನುಷ್ಯನನ್ನು ಬಯ್ಯುವುದು ಎಲ್ಲದಕ್ಕಿಂತ ಕಡೆಗೆ." ಗುರಿ ನೋಡಲು ಕೋವಿಯ ಮೇಲೆ ದುರ್ಬೀನು ಕೂರಿಸಿದ ಸ್ಕ್ರೂ ಸಡಿಲ ಇದ್ದರೆ ಎಂತಹ ಕೋವಿಯೂ ಕುಡಿದವನ ಹಾಗೆ ಹೊಡೆಯುತ್ತದೆ. ಬಂದ ಕೇಸುಗಳಲ್ಲಿ ಬಹಳಷ್ಟು ಈ ಒಂದು ಸ್ಕ್ರೂವಿನಲ್ಲೇ ಮುಗಿಯುತ್ತಿದ್ದವು. ಆದರೆ ಗಿರಾಕಿಯ ಎದುರು ಅದನ್ನು ಹೇಳುವಾಗ ಮುಖದಲ್ಲಿ ನಗು ಇರಬಾರದು, ಅದೂ ಪಾಠವೇ.

ಎರಡನೆಯದು ಮುಂದಿನ ಮರದ ವಿಷಯ. ಎಡಗೈಯಲ್ಲಿ ಹಿಡಿಯುವ ಆ ಮರ ನಳಿಗೆಯನ್ನು ಒತ್ತಿದರೆ, ನಳಿಗೆ ಬಿಸಿಯಾದ ಹಾಗೆಲ್ಲ ಗುಂಡು ಒಂದೇ ದಿಕ್ಕಿಗೆ ಸರಿಯುತ್ತಾ ಹೋಗುತ್ತದೆ. ಹೊಸದರಲ್ಲಿ ನಾನು ಗಟ್ಟಿ ಇದ್ದರೆ ಒಳ್ಳೆಯದು ಅಂತ ತಿಳಿದು ಒಂದು ಕೋವಿಯ ಮರದ ಸ್ಕ್ರೂವನ್ನು ಉಸಿರು ಬಿಗಿಹಿಡಿದು ತಿರುಗಿಸಿದೆ. ಗಿರಾಕಿ ಹೊಡೆದ ಗುಂಡುಗಳು ಕಾಗದದ ಮೇಲೆ ಏಣಿ ಹತ್ತಿದ ಹಾಗೆ ಒಂದರ ಮೇಲೊಂದು ಹತ್ತಿ ಕಾಗದ ದಾಟಿ ಹೋದವು. ಹಮೀದಾಕ ಬಂದರು. ಮರ ಬಿಚ್ಚಿ, ಸ್ಕ್ರೂ ಕೂರುವ ಜಾಗಕ್ಕೆ ನಲ್ಲಿಗೆ ಹಾಕುವ ರಬ್ಬರ್ ವಾಷರ್ ಒಂದನ್ನು ಇಟ್ಟು, ಮೆಲ್ಲಗೆ ಬಿಗಿ ಮಾಡಿದರು. ಈಗ ಮರಕ್ಕೂ ನಳಿಗೆಗೂ ನಡುವೆ ಒಂದು ಕಾಗದ ಹೋಗುವಷ್ಟು ಜಾಗ. ಮುಂದಿನ ಗುಂಡುಗಳು ಒಂದೇ ಮನೆಯವರ ಹಾಗೆ ಒಟ್ಟಿಗೆ ಕೂತವು. ಅದರ ಮರುವಾರ ಅಡುಗೆಮನೆಯ ನಲ್ಲಿ ಸೋರಿ, ನನ್ನ ಕಿಸೆಯಲ್ಲಿ ಅಷ್ಟೊಂದು ವಾಷರ್ ಸಿಕ್ಕಿದಾಗ ಸಿಂತಿಯಾ ನನ್ನನ್ನು ನೋಡಿದ ನೋಟ ಈಗಲೂ ನೆನಪುಂಟು.

ಇನ್ನೊಬ್ಬ ಗಿರಾಕಿ ತನ್ನ ಕೋವಿ ಬೆಳಿಗ್ಗೆ ಒಂದು ತರ, ಮಧ್ಯಾಹ್ನ ಇನ್ನೊಂದು ತರ ಹೊಡೆಯುತ್ತದೆ ಅಂತ ದೂರು ತಂದ. ನಳಿಗೆ, ಕೊಕ್ಕೆ ಎಲ್ಲ ಬಿಚ್ಚಿ ನೋಡಿದೆವು. ಕಡೆಗೆ ಗೊತ್ತಾಯಿತು, ಅವನು ತೋಟೆಯ ಪೆಟ್ಟಿಗೆಯನ್ನು ರೇಂಜಿನ ಬಿಸಿಲಿನಲ್ಲಿ, ಕಾರಿನ ಬಾನೆಟಿನ ಮೇಲೆ ಇಟ್ಟುಕೊಂಡು ಹೊಡೆಯುತ್ತಿದ್ದ. ಕತಾರಿನ ಬಿಸಿಲಿಗೆ ಅಲ್ಲಿ ದೋಸೆ ಹುಯ್ಯಬಹುದು. ಬಿಸಿ ತೋಟೆಗೂ ತಣ್ಣನೆಯ ತೋಟೆಗೂ ವೇಗ ಬೇರೆ. ನೆರಳಿನಲ್ಲಿ ಇಡು ಅಂದೆವು, ಖಲಾಸ್, ರಿಪೇರಿ ಮುಗಿಯಿತು. ಅವನು ಖುಷಿಯಲ್ಲಿ ನಮಗೆ ಒಂದು ಬಾಕ್ಸ್ ಖರ್ಜೂರ ಕೊಟ್ಟ.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ನಳಿಗೆಯ ಒಳಗನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆವು. ಆಮೇಲೆ ಹಾವಿನಂತಹ ಸಣ್ಣ ಕ್ಯಾಮೆರಾ ಬಂತು. ಮೊದಲು ಕಿವಿಗೆ ಹತ್ತಿಯಂತಹ ಬಿರಡೆ, ಆಮೇಲೆ ಎಲೆಕ್ಟ್ರಾನಿಕ್ ಇಯರ್‌ಮಫ್. ಈ ಇಯರ್‌ಮಫ್ ಬಗ್ಗೆ ಸ್ವಲ್ಪ ಹೇಳಬೇಕು. ತಲೆಗೆ ಹಾಕಿದರೆ ಈಡಿನ ದೊಡ್ಡ ಸದ್ದನ್ನು ಅದು ಅಡಗಿಸುತ್ತದೆ, ಸಣ್ಣ ಸದ್ದನ್ನು ಮಾತ್ರ ದೊಡ್ಡದು ಮಾಡಿ ಕೊಡುತ್ತದೆ. ಹಾಕಿಕೊಂಡ ಮೊದಲ ದಿನವೇ ರೇಂಜಿನ ಆಚೆ ತುದಿಯಲ್ಲಿ ಹಮೀದಾಕ ಚಾ ಕೊಡುವವನಿಗೆ ಹೇಳುತ್ತಿದ್ದದ್ದು ಕಿವಿಯೊಳಗೇ ಬಂದು ಬಿತ್ತು: "ಪೊರ್ಬುವಿನ ಕೈ ಚಂದ ಉಂಟು. ಬಾಯಿಗೆ ಒಂದು ಬೀಗ ಹಾಕಿದರೆ ಸಾಕಿತ್ತು." ನಾನು ಅಲ್ಲಿಂದಲೇ "ಥ್ಯಾಂಕ್ಸ್ ಹಮೀದಾಕ" ಅಂದೆ. ಆ ಮೇಲೆ ನನ್ನ ತಲೆಯ ಮೇಲೆ ಅದು ಇರುವಾಗ ಅವರು ನನ್ನ ಸುದ್ದಿ ತೆಗೆದದ್ದಿಲ್ಲ.

ಇನ್ನು ಅಬು ಜಾಸಿಮರ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬೇಕು ಅಂತಲೇ ಕೂತದ್ದು.

ಅಬು ಜಾಸಿಮ್ ವಯಸ್ಸಾದ ಕತಾರಿ. ನೆಟ್ಟಗಿನ ಬೆನ್ನು, ತೀರಾ ಕಡಿಮೆ ಮಾತು. ಹರೆಯದಲ್ಲಿ ದುಖಾನಿನ ಎಣ್ಣೆ ಬಾವಿಯಲ್ಲಿ ದುಡಿಯುತ್ತಿದ್ದಾಗ ಕೊಂಡ ಒಂದು ಒಂಟಿ ಈಡಿನ ರೈಫಲ್ ಅವರ ಬಳಿ ಇತ್ತು. ಆಮೇಲೆ ದೇವರು ಕೊಟ್ಟ, ಮನೆ ದೊಡ್ಡದಾಯಿತು, ದುಬಾರಿ ಕೋವಿಗಳೂ ಬಂದವು. ಅವನ್ನೆಲ್ಲ ಮಕ್ಕಳಿಗೆ ಕೊಟ್ಟು ಇವರು ಈ ಅಗ್ಗದ್ದನ್ನೇ ಇಟ್ಟುಕೊಂಡಿದ್ದರು. ಪ್ರತಿ ಚಳಿಗಾಲ ಹಳೆಯ ಗೆಳೆಯರನ್ನೂ ಮಕ್ಕಳನ್ನೂ ಕರೆದುಕೊಂಡು, ಪರವಾನಗಿ ಮಾಡಿಸಿ ಹೊರದೇಶಕ್ಕೆ ಬೇಟೆಗೆ ಹೋಗುವುದು ಅವರ ಪದ್ಧತಿ.

ಅವರನ್ನು ಕರೆದುಕೊಂಡು ಬಂದದ್ದು ದೊಡ್ಡ ಮಗ ಜಾಸಿಮ್; ಅಬು ಜಾಸಿಮ್ ಅಂದರೇ ಜಾಸಿಮನ ಅಪ್ಪ. ಒಳ್ಳೆಯ ಮನುಷ್ಯ, ಅಪ್ಪನ ಚಪ್ಪಲಿಯನ್ನು ತಾನೇ ಬಗ್ಗಿ ಸರಿಮಾಡಿ ಇಡುವವನು. ಅಪ್ಪ ಆಚೆ ಹೋದಾಗ ವಿಷಯ ಹೇಳಿದ. ಎರಡು ಚಳಿಗಾಲದಿಂದ ಅಪ್ಪನ ಗುಂಡು ಎಲ್ಲೆಲ್ಲೋ ಹೋಗುತ್ತಿದೆಯಂತೆ. ಕೈ ನಡುಗುತ್ತದೆ, ಕಣ್ಣು ಹೋಗಿದೆ ಅಂತ ಮಕ್ಕಳ ಲೆಕ್ಕ. ಹೀಗೆ ಹೊಡೆದು ಯಾರಿಗಾದರೂ ತಾಗಿದರೆ? ಅದಕ್ಕೆ ಅಪ್ಪ ಮಕ್ಕಳ ನಡುವೆ ಒಂದು ಒಪ್ಪಂದ ಆಗಿತ್ತು. ಹೊರಡುವ ಮೊದಲು ನಮ್ಮ ರೇಂಜಿನಲ್ಲಿ ಮೂರು ಗುಂಡು ಹೊಡೆಯಬೇಕು. ಮೂರೂ ಒಂದು ಅಂಗೈ ಅಗಲದೊಳಗೆ ಬಿದ್ದರೆ ಕೋವಿ ಜೊತೆಗೆ ಹೋಗುತ್ತದೆ. ಇಲ್ಲದಿದ್ದರೆ ಅಬು ಜಾಸಿಮ್ ಕೋವಿ ಬಿಟ್ಟು ಹೋಗಿ, ಡೇರೆಯಲ್ಲಿ ಕೂತು ಖಾವಾದ, ಅಂದರೆ ಅರಬಿ ಕಾಫಿಯ, ಕೆಟ್ಲಿ ಕಾಯುವುದು.

"ಕೆಟ್ಲಿ ಕಾಯುವುದು" ಅನ್ನುವಾಗ ಜಾಸಿಮನ ದನಿಯೇ ಇಳಿದುಹೋಯಿತು. ಅವನಿಗೂ ಅದು ಬೇಕಿರಲಿಲ್ಲ.

ಅಬು ಜಾಸಿಮ್ ಮರಳಿ ಬಂದು ಕೋವಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಅರಬಿ ಹಿಂದಿ ಎರಡನ್ನೂ ಕಲಸಿ, ಒಂದೇ ಮಾತು ಕೇಳಿದರು. "ವಲಿ, ನನಗೆ ಸುಳ್ಳು ಹೇಳಬೇಡ. ಕೈಯಾ, ಕೋವಿಯಾ?"

ನೋಡಿ ಹೇಳುತ್ತೇನೆ ಅಂದೆ.

ನಾವು ಮಾಡಬೇಕಾದದ್ದೆಲ್ಲ ಮಾಡಿದೆವು. ದುರ್ಬೀನಿನ ಸ್ಕ್ರೂ ಬಿಗಿ ಮಾಡಿದೆವು. ಮುಂದಿನ ಮರಕ್ಕೆ ವಾಷರ್ ಇಟ್ಟೆವು. ನಳಿಗೆಯ ಬಾಯಿಯ ಅಂಚು ವರ್ಷಾನುಗಟ್ಟಲೆ ಕಬ್ಬಿಣದ ಸಲಾಕೆ ಹಾಕಿ ಒರೆಸಿ ಒಂದು ಕಡೆ ಸವೆದಿತ್ತು. ಗುಂಡು ಕಡೆಯದಾಗಿ ಮುಟ್ಟುವ ಜಾಗ ಅದು, ಅಲ್ಲಿ ಕೂದಲಿನಷ್ಟು ಊನ ಇದ್ದರೂ ದಾರಿ ತಪ್ಪುತ್ತದೆ. ಅದನ್ನು ಹೊಸದಾಗಿ ಕತ್ತರಿಸಿ ನಯ ಮಾಡಿದೆ. ಕುದುರೆ ಗಡುಸಾಗಿತ್ತು, ಅದನ್ನೂ ಹದಕ್ಕೆ ತಂದೆ. ಕೊಕ್ಕೆಯ ಸುತ್ತ ಹಳೆಯ ಎಣ್ಣೆ ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿತ್ತು, ತೊಳೆದೆ. ಆಮೇಲೆ ಹಮೀದಾಕ ಮರಳಿನ ಚೀಲದ ಮೇಲೆ ಇಟ್ಟು ಹೊಡೆದು ನೋಡಿದರು. ಮೂರು ಗುಂಡನ್ನೂ ಒಂದು ಬೆಂಕಿಪೆಟ್ಟಿಗೆಯಲ್ಲಿ ಮುಚ್ಚಬಹುದಿತ್ತು.

ನನಗೆ ಹಬ್ಬದ ಖುಷಿ. ಅಬು ಜಾಸಿಮರನ್ನು ಕರೆಸಿದೆವು. ಅವರು ಅದೇ ಕೋವಿ, ಅದೇ ತೋಟೆ, ಅದೇ ಚೀಲದ ಮೇಲೆ ಹೊಡೆದರು. ಒಂದು ಮೇಲೆ, ಒಂದು ಎಡಕ್ಕೆ, ಒಂದು ಕಾಗದದ ಅಂಚಿನಲ್ಲಿ. ಅವರು ದುರ್ಬೀನಿನಲ್ಲಿ ನೋಡಿ ಕೋವಿ ಮಡಚಿ ಇಟ್ಟರು.

ಅವರು ಹೋದ ಮೇಲೆ ಹಮೀದಾಕ ಗಡ್ಡ ತುರಿಸುತ್ತಾ ನಿಂತರು. "ಸ್ಕ್ರೂ ನೋಡಿ ಆಯ್ತು, ಕೋವಿ ನೋಡಿ ಆಯ್ತು. ಇನ್ನು ಉಳಿದದ್ದು ಎಂತ?"

"ನೀವು ಹೇಳ್ತೀರಾ ಅವರಿಗೆ?"

"ನಾನು ಎಂತಕ್ಕೆ? ಅವರು ಕೇಳಿದ್ದು ನಿಮ್ಮ ಹತ್ರ. ಇಷ್ಟು ವರ್ಷ ಬಾಯಿ ಮುಚ್ಚದವರು ನೀವು, ಈಗ ಹೇಳ್ಲಿಕ್ಕೆ ಕಷ್ಟವಾ?"

ಕಷ್ಟವೇ ಆಗಿತ್ತು. ಮನೆಗೆ ಹೋಗಿ ಊಟ ಸೇರಲಿಲ್ಲ. ಸಿಂತಿಯಾ ಕಾರಣ ಕೇಳಿದಳು, ಹೇಳಿದೆ. "ಕೈ ನಡುಗುವವರು ನಿಮ್ಮ ಮೇಜಿನ ಮೇಲೆ ಖಾವಾ ಚೆಲ್ಲಿದ್ರಾ?" ಅಂತ ಕೇಳಿದಳು. ಯೋಚಿಸಿದೆ. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಹಿಡಿ ಇಲ್ಲದ ಆ ಸಣ್ಣ ಖಾವಾ ಕಪ್ಪು ಅವರ ಕೈಯಲ್ಲಿ ಕಲ್ಲಿನ ಹಾಗೆ ನಿಂತಿತ್ತು.

ಮರುದಿನ ಫೋನ್ ಮಾಡಿ ಇನ್ನೊಮ್ಮೆ ಬರಲು ಹೇಳಿದೆ. ಹಳೆಯ ಒಂದು ಪರೀಕ್ಷೆ ಉಂಟು. ಕೋವಿಗೆ ಮದ್ದಿಲ್ಲದ ಸುಳ್ಳು ತೋಟೆ ಹಾಕಿ, ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟು ಕುದುರೆ ಎಳೆಯಲು ಹೇಳುವುದು. ಕೈ ಅಲುಗಿದರೆ ನಾಣ್ಯ ಬೀಳುತ್ತದೆ. ಅಬು ಜಾಸಿಮ್ ಎಳೆದರು, ನಾಣ್ಯ ಇದ್ದಲ್ಲೇ ಇತ್ತು. ಮತ್ತೆ ಎಳೆದರು, ಆಗಲೂ ಇತ್ತು. ನಾನು ಎಳೆದೆ, ಟಣ್ ಅಂತ ನೆಲಕ್ಕೆ ಬಿತ್ತು. ಹಮೀದಾಕ ನಗದೆ ಇರಲು ಬಹಳ ಕಷ್ಟಪಟ್ಟರು. ದೂರದ ಕಾಗದದ ಮೇಲಿನ ಸಣ್ಣ ಅಂಕಿಗಳನ್ನು ದುರ್ಬೀನಿನಲ್ಲಿ ಓದಿಸಿದೆ, ಎಲ್ಲವನ್ನೂ ಸರಿ ಓದಿದರು. ಕೈಯೂ ಸರಿ, ಕಣ್ಣೂ ಸರಿ, ಕೋವಿಯೂ ಸರಿ. ಮತ್ತೆ ಗುಂಡಿಗೆ ಎಂತ ದೆವ್ವ ಹಿಡಿದಿದೆ?

"ಹಮೀದಾಕ ಒಂದು, ನೀವು ಒಂದು, ಸರದಿಯಲ್ಲಿ ಹೊಡೆಯಿರಿ" ಅಂದೆ. ಇಬ್ಬರಿಗೂ ಸಾದಾ ಬಿರಡೆ, ನನ್ನ ತಲೆಗೆ ಇಯರ್‌ಮಫ್. ಹಿಂದಿನ ಸಲ ನಾನು ಅಬು ಜಾಸಿಮರ ಮಗ್ಗುಲಲ್ಲೇ ನಿಂತು ಕೈ, ಹೆಗಲು, ಉಸಿರು ಅಂತ ಕಣ್ಣು ಬಿಟ್ಟುಕೊಂಡು ನೋಡಿದ್ದೆ. ಈ ಸಲ ಚಾ ಕೊಡುವವನು ರಜೆ. ಅತಿಥಿಗೆ ಖಾವಾ ಬಗ್ಗಿಸದೆ ಇರುವುದು ಇಲ್ಲಿ ಮರ್ಯಾದೆ ಅಲ್ಲ, ಅದಕ್ಕೆ ಬೆನ್ನು ತಿರುಗಿಸಿ ಕೆಟ್ಲಿ ಹಿಡಿದುಕೊಂಡಿದ್ದೆ.

ನನ್ನ ಬೆನ್ನ ಹಿಂದೆ ಹಮೀದಾಕ ಕೋವಿ ಮುಚ್ಚಿದರು. ಟಕ್. ಈಡು. ಅಬು ಜಾಸಿಮ್ ಮುಚ್ಚಿದರು. ಏನೂ ಕೇಳಲಿಲ್ಲ. ಈಡು. ಹಮೀದಾಕ, ಟಕ್. ಅಬು ಜಾಸಿಮ್, ಈ ಸಲ ಸಣ್ಣಗೆ ಟಿಕ್. ಮತ್ತೊಮ್ಮೆ ಅಬು ಜಾಸಿಮ್, ಏನೂ ಇಲ್ಲ.

ನಾನು ಕೆಟ್ಲಿ ಹಿಡಿದುಕೊಂಡೇ ತಿರುಗಿ ದುರ್ಬೀನಿನಲ್ಲಿ ಕಾಗದ ನೋಡಿದೆ. ಮೂರು ತೂತು ಒಟ್ಟಿಗೆ ಇದ್ದವು, ಹಮೀದಾಕನದ್ದು ಎರಡು, ಟಿಕ್ ಅಂದದ್ದು ಒಂದು. ಸದ್ದಿಲ್ಲದ ಗುಂಡುಗಳು ಊರು ಬಿಟ್ಟು ಹೋಗಿದ್ದವು.

ಕೊಕ್ಕೆ ಪೂರ್ತಿ ಕಚ್ಚುತ್ತಿರಲಿಲ್ಲ. ಏನೂ ಕಚ್ಚದಿದ್ದರೆ ಕೋವಿ ಹಾರುವುದೇ ಇಲ್ಲ. ಮುಕ್ಕಾಲು ಕಚ್ಚಿದರೆ ಹಾರುತ್ತದೆ, ಆದರೆ ನಳಿಗೆ ಪ್ರತಿ ಸಲ ಬೇರೆ ಬೇರೆ ಕಡೆ ಕೂತಿರುತ್ತದೆ. ನಾವು ವರ್ಕ್‌ಶಾಪಿನವರು ಬಾಗಿಲು ಹಾಕಿದ ಹಾಗೆ ಟಕ್ ಅಂತ ಮುಚ್ಚುತ್ತೇವೆ. ಅಬು ಜಾಸಿಮ್ ಮಗುವನ್ನು ಮಲಗಿಸಿದ ಹಾಗೆ ಮುಚ್ಚುತ್ತಿದ್ದರು.

"ಇಷ್ಟು ಮೆಲ್ಲಗೆ ಯಾಕೆ ಮುಚ್ಚುತ್ತೀರಿ?" ಅಂತ ಕೇಳಿದೆ. ಎರಡು ಸಲ ಕೇಳಬೇಕಾಯಿತು. ಕಿವಿಯಲ್ಲಿ ಬಿರಡೆ ಇದೆ ಅಂದುಕೊಂಡು ಅದನ್ನು ತೆಗೆಯಲು ಸನ್ನೆ ಮಾಡಿದೆ. ತೆಗೆದ ಮೇಲೂ ಇನ್ನೊಮ್ಮೆ ಕೇಳಬೇಕಾಯಿತು.

ಅವರು ನಕ್ಕರು. "ಅಪ್ಪ ಕಲಿಸಿದ್ದು. ಮರಳುಗಾಡಿನಲ್ಲಿ ಮರ ಇಲ್ಲ, ಸದ್ದು ಬಹಳ ದೂರ ಹೋಗುತ್ತದೆ. ಕೋವಿ ಮುಚ್ಚಿದ್ದು ಪ್ರಾಣಿಗೆ ಕೇಳಬಾರದು, ನಿನ್ನ ಕಿವಿಗೆ ಮಾತ್ರ ಕೇಳಬೇಕು. ಟಿಕ್ ಅನ್ನುವವರೆಗೆ ಒತ್ತು, ಅಂದ ಮೇಲೆ ಬಿಡು."

"ಈಗ ಕೇಳಿತಾ?"

ಅವರು ಕೋವಿ ನೋಡಿದರು, ನನ್ನನ್ನು ನೋಡಿದರು. "ಕೇಳಿತು" ಅಂದರು. ಕೇಳಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಹಮೀದಾಕ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಟಕ್ ಅಂತ ಮುಚ್ಚಲಿಕ್ಕೆ ಹೇಳಿಬಿಡಿ ಮಾರಾಯ್ರೆ, ಮುಗೀತಲ್ಲ." ಹೇಳಿ ನೋಡಿದೆ. ಅಬು ಜಾಸಿಮ್ ತಲೆ ಅಲ್ಲಾಡಿಸಿದರು. ಅಪ್ಪ ಕಲಿಸಿದ್ದನ್ನು ಈ ಪ್ರಾಯದಲ್ಲಿ ಬಿಡುವುದು ಹೇಗೆ ಅಂದರು. ಅದೂ ಸರಿಯೇ ಅನ್ನಿಸಿತು. ಇಷ್ಟು ವರ್ಷ ಆ ಪದ್ಧತಿಯಲ್ಲಿ ಒಂದು ತಪ್ಪೂ ಇರಲಿಲ್ಲವಲ್ಲ.

ಇನ್ನು ಮಾತು ಬೇಡ ಅನ್ನಿಸಿತು. ನನ್ನ ಜೀವನದಲ್ಲಿ ಹಾಗೆ ಅನ್ನಿಸಿದ್ದು ಬಹಳ ಅಪರೂಪ. ನನ್ನ ತಲೆಯ ಇಯರ್‌ಮಫ್ ತೆಗೆದು, ಅವರ ತಲೆಯ ಬಿಳಿ ಬಟ್ಟೆ ಗುತ್ರಾವನ್ನು ಸ್ವಲ್ಪ ಸರಿಸಿ, ಕಿವಿಯ ಮೇಲೆ ಕೂರಿಸಿ, ಸದ್ದಿನ ಗುಂಡಿಯನ್ನು ಪೂರ್ತಿ ತಿರುಗಿಸಿದೆ.

ಮುದುಕರು ಹಾಗೇ ನಿಂತುಬಿಟ್ಟರು. ರೇಂಜಿನ ಬೇಲಿಯ ಮೇಲೆ ಒಂದು ಹಕ್ಕಿ ಕೂತು ಕೂಗುತ್ತಿತ್ತು, ಅದರ ಕಡೆ ತಿರುಗಿದರು. ಕಾಲಿನಿಂದ ಮರಳನ್ನು ಒಮ್ಮೆ ಉಜ್ಜಿ ನೋಡಿದರು. ಆಮೇಲೆ ಖಾಲಿ ಕೋವಿ ಎತ್ತಿಕೊಂಡು, ಅಪ್ಪ ಕಲಿಸಿದ ಹಾಗೆ ಮೆಲ್ಲಗೆ ಮುಚ್ಚಿದರು. ಟಿಕ್ ಅನ್ನುವವರೆಗೆ ಒತ್ತಿ, ಬಿಟ್ಟರು. ಮಡಚಿ ಮತ್ತೆ ಮುಚ್ಚಿದರು. ಎಷ್ಟು ಸಲ ಹಾಗೆ ಮಾಡಿದರೋ ನಾನು ಎಣಿಸಲಿಲ್ಲ.

"ವಲಿ," ಅಂದರು ಕಡೆಗೆ, "ಕೈಯೂ ಅಲ್ಲ, ಕೋವಿಯೂ ಅಲ್ಲ." ಇಯರ್‌ಮಫ್ ಮೇಲಿಂದಲೇ ಕಿವಿಯನ್ನು ಒಮ್ಮೆ ಮುಟ್ಟಿಕೊಂಡರು. ಮನೆಯವರಿಗೆ ಈಗಲೇ ಹೇಳಬೇಡ ಅಂತ ತುಟಿಯ ಮೇಲೆ ಬೆರಳಿಟ್ಟರು.

ಪರೀಕ್ಷೆಯ ದಿನ ಶುಕ್ರವಾರ, ಸಂಜೆ ಹೊತ್ತಿನ ಅಸರ್ ನಮಾಜು ಮುಗಿಸಿ ಅಪ್ಪ ಮಗ ಬಂದರು. ಹೊರಡುವ ತಯಾರಿ ಆಗಿತ್ತೋ ಏನೋ, ಜಾಸಿಮನ ಗಾಡಿಯ ಹಿಂದೆ ಡೇರೆಯ ಸಾಮಾನು ತುಂಬಿತ್ತು. ಎಲ್ಲದರ ಮೇಲೆ ಒಂದು ಹೊಸ ಮಡಚುವ ಕುರ್ಚಿ, ಮೆತ್ತೆ ಇರುವಂಥದ್ದು. ಅದು ಯಾರಿಗೆ ಅಂತ ಕೇಳಬೇಕಾಗಿರಲಿಲ್ಲ.

ಅಬು ಜಾಸಿಮ್ ಮೇಜಿಗೆ ಹೋಗಿ ಕೂತರು, ಇಯರ್‌ಮಫ್ ಹಾಕಿಕೊಂಡರು. ರೇಂಜಿನಲ್ಲಿ ಎಲ್ಲರೂ ಕಿವಿಗೆ ಏನಾದರೂ ಹಾಕುವವರೇ, ಜಾಸಿಮನಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಅವನು ನಮ್ಮಿಬ್ಬರನ್ನು ಸಾಕಷ್ಟು ಹಿಂದಕ್ಕೆ, ಗೋಡೆಯ ಹತ್ತಿರ ಕರೆದುಕೊಂಡು ಹೋದ. ದನಿ ತಗ್ಗಿಸಿ ಹಮೀದಾಕನಿಗೆ ಹೇಳಿದ, "ಗುಂಡು ಎಲ್ಲಿ ಬಿದ್ದರೂ ನೀವು ಕೋವಿಯೇ ಹಾಳಾಗಿದೆ ಅಂತ ಹೇಳಿ. ಕೈಯ ಸುದ್ದಿ ತೆಗೆಯಬೇಡಿ. ಅಪ್ಪನಿಗೆ ನೋವಾಗುವುದು ನನ್ನಿಂದ ನೋಡಲಿಕ್ಕೆ ಆಗುವುದಿಲ್ಲ. ಒಳ್ಳೆಯ ಕುರ್ಚಿ ತಂದಿದ್ದೇನೆ. ಬೆಂಕಿಯ ಹತ್ತಿರ ಆರಾಮಾಗಿ ಕೂತು ಖಾವಾ ನೋಡಿಕೊಳ್ಳಲಿ."

ಹಮೀದಾಕ ನನ್ನನ್ನು ನೋಡಿದರು. ನಾನು ಹಮೀದಾಕನನ್ನು ನೋಡಿದೆ. ಆ ಯಂತ್ರಕ್ಕೆ ಎಷ್ಟು ದೂರ ಕೇಳುತ್ತದೆ ಅಂತ ನಮ್ಮಿಬ್ಬರಷ್ಟು ಚೆನ್ನಾಗಿ ತಿಳಿದವರು ಇಡೀ ಕತಾರಿನಲ್ಲಿ ಇರಲಿಕ್ಕಿಲ್ಲ. ಮೇಜಿನ ಹತ್ತಿರ ಅಬು ಜಾಸಿಮರ ಬೆನ್ನು ಒಂದು ಕ್ಷಣ ಅಲುಗದೆ ನಿಂತಿತು. ತಿರುಗುತ್ತಾರೆ ಅಂದುಕೊಂಡೆ, ತಿರುಗಲಿಲ್ಲ. ತೋಟೆ ಹಾಕಿ ಕೋವಿಯನ್ನು ಮೆಲ್ಲಗೆ ಮುಚ್ಚಿದರು. ನಮಗೆ ಏನೂ ಕೇಳಲಿಲ್ಲ, ಕೇಳಬೇಕಾದವರಿಗೆ ಕೇಳಿರಬೇಕು. ಈಡು ಹಾರಿತು. ನಳಿಗೆ ತಣಿಯಲಿ ಅಂತ ಕಾದರು. ಎರಡನೆಯದು. ಮತ್ತೆ ಕಾದರು. ಮೂರನೆಯದೂ ಹಾರಿತು.

ಜಾಸಿಮನೇ ಓಡಿ ಹೋಗಿ ಕಾಗದ ತಂದ. ತರುವಾಗ ಅವನ ಹೆಜ್ಜೆ ನಿಧಾನವಾಗುತ್ತಾ ಬಂತು. ಮೂರು ತೂತುಗಳ ಮೇಲೆ ತನ್ನ ಅಂಗೈ ಇಟ್ಟ, ಮುಚ್ಚಿಹೋದವು. ಮೂರು ಬೆರಳು ಇಟ್ಟ, ಆಗಲೂ ಮುಚ್ಚಿಹೋದವು. ಅವನ ಕಣ್ಣು ಒದ್ದೆಯಾಗಿತ್ತು.

ಅಬು ಜಾಸಿಮ್ ಇಯರ್‌ಮಫ್ ತೆಗೆಯದೆಯೇ ತಿರುಗಿದರು. "ಜಾಸಿಮ್, ಆ ಕುರ್ಚಿ ಒಳ್ಳೆಯದಿದೆಯಾ?"

ಜಾಸಿಮ್ ಗಾಡಿಯ ಕಡೆ ನೋಡಿದ. "ಯಾವ... ಹೌದಪ್ಪ, ಒಳ್ಳೆಯದೇ."

"ಇಳಿಸಬೇಡ, ಗಾಡಿಯಲ್ಲೇ ಇರಲಿ. ಬೆಂಕಿಯ ಹತ್ತಿರ ಆರಾಮಾಗಿ ಕೂತು ಖಾವಾ ನೋಡಿಕೋ. ನಾವು ಬೇಟೆ ಮುಗಿಸಿ ಬರುತ್ತೇವೆ."

ಹಮೀದಾಕ ಗೋಡೆಯ ಕಡೆ ತಿರುಗಿ ಕೆಮ್ಮಲು ಸುರು ಮಾಡಿದರು. ಜಾಸಿಮ್ ಅಪ್ಪನನ್ನು ನೋಡಿದ, ತಲೆಯ ಮೇಲಿನ ಯಂತ್ರವನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು ಅಂತ ಕಾಣುತ್ತದೆ, ಮನೆಯಲ್ಲಿ ಎರಡೆರಡು ಸಲ ಹೇಳಬೇಕಾದ ಮಾತುಗಳು, ಉತ್ತರ ಬಾರದ ಕರೆಗಳು. ಅಳುತ್ತಾ ನಗುತ್ತಾ ಬಂದು ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಇಲ್ಲಿಯ ಮಕ್ಕಳು ಹಿರಿಯರಿಗೆ ಕೊಡುವ ಹಾಗೆ, ನೆತ್ತಿಗೆ ಒಂದು ಮುತ್ತು ಕೊಟ್ಟ.

ಅಬು ಜಾಸಿಮ್ ಬೆಚ್ಚಿಬಿದ್ದರು. "ಮೆಲ್ಲಗೆ, ಮಗನೇ," ಅಂದರು. "ಇದರಲ್ಲಿ ಮುತ್ತು ಕೂಡ ಈಡಿನ ಹಾಗೆ ಕೇಳುತ್ತದೆ."